ದೋಣಿಯಲ್ಲಿ ನಿಂತವಳು

ಗುಂಡ್ಲುಪೇಟೆಯ ಮಿಡ್ಲ್ ಸ್ಕೂಲಿಗೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದಿದ್ದ ರಂಗನಾಯಕನಿಗೆ ಹೆಣ್ಣೇನೋ ಗೊತ್ತಾಗಿತ್ತು. ಅಡ್ಡ ಬಂದದ್ದು ಗೋಡೆಯ ಮೇಲಿನ ಒಂದು ಪಟ.

ಮೈಸೂರಿನಲ್ಲಿ ಚಿತ್ರಕಲೆ ಕಲಿಯುವಾಗ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ ಯುರೋಪಿನ ಪಟ ಅದು. ಸುತ್ತ ಕಪ್ಪು ನೀರು, ನಡುವೆ ಬಂಡೆಗಳ ದ್ವೀಪ, ಬಂಡೆಗಳ ಮಧ್ಯೆ ನೆಟ್ಟಗೆ ನಿಂತ ಮರಗಳು. ದ್ವೀಪದ ಕಡೆಗೆ ಒಂದು ಪುಟ್ಟ ದೋಣಿ ಹೊರಟಿದೆ. ಅದರಲ್ಲಿ ಹುಟ್ಟು ಹಾಕುವವನೊಬ್ಬ, ಅಡಿಯಿಂದ ಮುಡಿಯವರೆಗೆ ಬಿಳಿ ಹೊದ್ದು ನಮಗೆ ಬೆನ್ನು ಹಾಕಿ ನಿಂತವಳೊಬ್ಬಳು, ಅವಳ ಮುಂದೆ ಬಿಳಿ ಬಟ್ಟೆ ಮುಚ್ಚಿದ ಪೆಟ್ಟಿಗೆ. ಹೆಸರಿದ್ದ ಕೆಳಗಿನ ಅಂಚನ್ನು ಗೆದ್ದಲು ತಿಂದಿತ್ತು. ಹೆಸರಿಲ್ಲದ ಮೇಲೆ ನಮ್ಮ ಮೇಷ್ಟ್ರು ಸುಮ್ಮನಿರುತ್ತಾನೆಯೇ? ತನಗೆ ತೋಚಿದ ಅರ್ಥ ಕಟ್ಟಿಕೊಂಡ. ಬಿಳಿಯರಲ್ಲಿ ಮದುಮಗಳು ಬಿಳಿ ಉಡುತ್ತಾಳೆ, ಪೆಟ್ಟಿಗೆಯಲ್ಲಿರುವುದು ಬಳುವಳಿ, ಹುಡುಗಿ ಗಂಡನ ಮನೆಗೆ ಹೊರಟಿದ್ದಾಳೆ! ಹೋದ ವರ್ಷ ತಾಯಿ ಪುಟ್ಟಸಿದ್ದಮ್ಮ ತೀರಿಕೊಂಡ ಮೇಲೆ ಅದನ್ನೇ ನೋಡುತ್ತಾ ಒಬ್ಬನೇ ಉಣ್ಣುತ್ತಿದ್ದ. ಮದುವೆಯ ಮಾತಿಗೆ ಕೂರಲು ಅವನ ಕಡೆಯಿಂದ ಒಬ್ಬ ಹೆಂಗಸೂ ಇರಲಿಲ್ಲ. ಎಲ್ಲವನ್ನೂ ತಾನೇ ಆಡಬೇಕಿತ್ತು.

ಮನೆ ನೋಡಲು ಭೀಮನಬೀಡಿನಿಂದ ಹೆಣ್ಣಿನ ತಾಯಿ ಮಂಗಮ್ಮ ಬಂದಳು. ಅಲ್ಲಿನ ಯಾವ ಮದುವೆಯೂ ಅವಳ ಸೋಬಾನೆಯಿಲ್ಲದೆ ನಡೆಯುತ್ತಿರಲಿಲ್ಲ. ಅರಿಶಿನ ಕುಟ್ಟುವುದಕ್ಕೊಂದು ಪದ, ಚಪ್ಪರ ಹಾಕುವುದಕ್ಕೊಂದು ಪದ, ಗೋಡೆಗೆ ಹಸೆ ಬರೆದರೆ ಅದರೊಳಗಿನ ಗಿಳಿಗೊಂದು, ತೆನೆಗೊಂದು ಪದ. ಅಡಿಗೆಮನೆಯನ್ನು ಮೆಚ್ಚಿದಳು, ಹಿತ್ತಿಲನ್ನು ಮೆಚ್ಚಿದಳು, ಪಟದ ಮುಂದೆ ನಿಂತು ಮುಖ ಸಿಂಡರಿಸಿದಳು.

"ಇದೇನ್ ಮೇಷ್ಟ್ರೇ, ಮದುವೆ ಆಗೋ ಮನೇಲಿ ಮುಂಡೆ ಪಟವ ತಗ್ಲಾಕ್ಕಂಡಿದ್ದೀರಿ?"

"ಮುಂಡೆ ಅಲ್ಲ ಅತ್ತೆಮ್ಮ, ಮದುವೆಣ್ಣು. ಅವರಲ್ಲಿ ಮದುವೆಗೆ ಬಿಳೀನೇ ಉಡೋದು."

"ಅಂಗಾ? ಇದರ ಪದ ಏನು?"

"ಪದವಾ?"

"ಮದುವೆ ಚಿತ್ರ ಅಂತೀರಿ, ಪದ ಇಲ್ದೆ ಯಾರಾರ ಬರ್ದಾರಾ? ಪದ ಕೇಳ್ಸಿ, ಇರ್ಲಿ ಬುಡಿ ಗೋಡೇಲಿ. ಇಲ್ದಿದ್ರೆ ಇಳ್ಸಿ. ಎರಡೂ ಆಗದು ಅಂದ್ರೆ ನನ್ ಮಗಳು ಚಾಮುಂಡಿಯ ಈ ಮನೆಗೆ ಕಳ್ಸಕಿಲ್ಲ."

ಇಳಿಸಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ರಂಗನಾಯಕನಿಗೆ ಹಟ. ಯಾಕೆ ಹಟ ಎಂದರೆ ಅವನಿಗೂ ಗೊತ್ತಿರಲಿಲ್ಲ. ಚಾಮುಂಡಿಯೂ ಬೇಕು, ಪಟವೂ ಬೇಕು.

ಊಟಿ ರಸ್ತೆಯಲ್ಲಿ ಟೀ ಅಂಗಡಿ ಇಟ್ಟಿದ್ದ ಮೂಗಯ್ಯ ಮುಂಚೆ ಊಟಿಯಲ್ಲಿ ದೊರೆಯೊಬ್ಬನ ಮನೆಯ ಬಟ್ಲರ್ ಆಗಿದ್ದವನು. ಸ್ವಾತಂತ್ರ್ಯ ಬಂದ ಮೇಲೆ ದೊರೆ ತನ್ನ ದೇಶಕ್ಕೆ ಹೊರಟಾಗ ಗ್ರಾಮಫೋನನ್ನೂ ಪ್ಲೇಟುಗಳನ್ನೂ ಅವನಿಗೇ ಬಿಟ್ಟು ಹೋಗಿದ್ದ. ಬಿಳಿಯರ ಸಂಗತಿ ಏನೇ ಕೇಳುವುದಿದ್ದರೂ ಊರಿಗೆಲ್ಲ ಮೂಗಯ್ಯನೇ ಗತಿ. ರಂಗನಾಯಕ ಅಂಗಡಿಯಲ್ಲಿ ಪಟ ಬಿಚ್ಚಿದ್ದೇ ತಡ, ಅವನು ಟೀ ಸೋಸುವುದನ್ನು ನಿಲ್ಲಿಸಿದ.

"ಅಯ್ಯಯ್ಯೋ, ಇದು ನಮ್ ದೊರೆ ಮನೇಲಿತ್ತಲ್ಲ! ಈ ಚಿತ್ರವ ನೋಡೇ ಅವರ ಕಡೆ ಯಾರೋ ದೊಡ್ಡ ವಿದ್ವಾಂಸ್ರು ಸಂಗೀತ ಕಟ್ಟವ್ರಂತೆ ಕಣಿ ಸ್ವಾಮಿ. ಇನ್ಯಾರೋ ಪದ್ಯ ಬರ್ದವ್ರಂತೆ. ದೊರೆ ಪ್ಲೇಟು ಆಕ್ಬುಟ್ಟು, ಚಿತ್ರದ ಮುಂದೆ ಕುಂತ್ಕಂಡು, ಪದ್ಯವ ಮೆಲ್ಲಗೆ ಓದ್ಕೊಳ್ಳರು. ಆ ಪ್ಲೇಟು ನನ್ತಾವೇ ಅವೆ."

"ಪದ್ಯದಲ್ಲಿ ಏನಿತ್ತು?"

"ನನ್ಗೇನ್ ತಿಳ್ದದು? ನಾನು ಬಾಗ್ಲು ಮುಚ್ಕೊಂಡು ಈಚೀಗೆ ಬತ್ತಿದ್ದೆ."

ರಂಗನಾಯಕನಿಗೆ ಅಷ್ಟೇ ಸಾಕಾಯಿತು. ಚಿತ್ರ, ಪದ್ಯ, ಸಂಗೀತ ಮೂರೂ ಒಂದೇ ಬಳ್ಳಿಯವು! ಭೀಮನಬೀಡಿನಲ್ಲಿ ಹೇಗೋ ಯುರೋಪಿನಲ್ಲೂ ಹಾಗೇ! ಮೊದಲು ತಾನೊಮ್ಮೆ ಕೇಳಿ ನೋಡೋಣ ಎಂಬ ಬುದ್ಧಿಯಾದರೂ ಬರಬೇಡವೇ? ಬರಲಿಲ್ಲ. ಭಾನುವಾರ ಬನ್ನಿ ಎಂದು ಮಂಗಮ್ಮನಿಗೆ ಹೇಳಿ ಕಳಿಸಿಯೇಬಿಟ್ಟ.

ಭಾನುವಾರ ಮಧ್ಯಾಹ್ನ ಮಂಗಮ್ಮ ಮೇಷ್ಟ್ರ ಮನೆಗೆ ಬಂದು ಕಂಬಕ್ಕೆ ಒರಗಿ ಕೂತಳು. ಮೂಗಯ್ಯ ಹೊತ್ತು ತಂದಿದ್ದ ಗ್ರಾಮಫೋನಿಗೆ ಕೀಲಿ ಕೊಟ್ಟು ಮುಳ್ಳು ಇಳಿಸಿದ. ಮೊದಲು ಬರೀ ಕರಕರ. ಆಮೇಲೆ ತಗ್ಗಿನಿಂದ ದನಿಯೊಂದು ಎದ್ದಿತು, ಹುಟ್ಟು ಹಾಕಿದ ಹಾಗೆ ಎಳೆದು ಬಿಟ್ಟು, ಎಳೆದು ಬಿಟ್ಟು. ಅದಕ್ಕೆ ಅವಸರವಿರಲಿಲ್ಲ. ಪಿಟೀಲುಗಳು ಒಂದರ ಹಿಂದೊಂದು ಬಂದು ಸೇರಿಕೊಂಡವು. ತಾಳ ಹಾಕಲು ಕೈ ಎತ್ತಿದ್ದ ಮಂಗಮ್ಮ ಆ ಕೈಯನ್ನು ಮಡಿಲಿಗೆ ಇಳಿಸಿದಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ರಂಗನಾಯಕ ಪಟ ನೋಡಿದ. ದೋಣಿ ಎಲ್ಲಿಗೆ ಹೊರಟಿದೆ ಎಂಬುದು ಅವನಿಗೆ ಆಗ ತಿಳಿಯಿತು. ಪೆಟ್ಟಿಗೆಯಲ್ಲಿರುವುದು ಬಳುವಳಿಯಲ್ಲ, ಹೆಣ ಎಂಬುದೂ ತಿಳಿಯಿತು. ನಾಚಿಕೆಯಾಯಿತು. ಚಾಮುಂಡಿ ಕೈ ತಪ್ಪಿದಳು ಅಂದುಕೊಂಡ.

ಮೂಗಯ್ಯ ಪ್ಲೇಟು ಮಗುಚಿ ಹಾಕಿದ. ನಿಲ್ಲಿಸು ಎನ್ನಲು ಬಾಯಿ ತೆರೆದರೆ ರಂಗನಾಯಕನಿಗೆ ಅಳು ಬಂತು. ತಾಯಿ ಸತ್ತಾಗ ಅವನು ಮೈಸೂರಿನಲ್ಲಿ ಪರೀಕ್ಷೆಗೆ ಕೂತಿದ್ದ. ರೈಲು ಹಿಡಿದು ಚಾಮರಾಜನಗರಕ್ಕೆ ಬಂದು ಮನೆ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಬಂದವರು ಸಮಾಧಾನ ಹೇಳಿದರು, ಅವನು ತಲೆಯಾಡಿಸಿದ, ತಿಥಿ ಮುಗಿಸಿದ, ಕೆಲಸಕ್ಕೆ ಸೇರಿಕೊಂಡ. ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈಗ ಅತ್ತೆಯಾಗುವವಳ ಎದುರು ಕೂತು ಅವ್ವಾ ಅವ್ವಾ ಎಂದು ಬಿಕ್ಕಿ ಬಿಕ್ಕಿ ಅತ್ತ. ಮೂಗಯ್ಯ ಏನು ಮಾಡುವುದೆಂದು ತಿಳಿಯದೆ ಮತ್ತೊಂದು ಪ್ಲೇಟು ಹಾಕಿದ.

ಪ್ಲೇಟುಗಳೆಲ್ಲ ಮುಗಿಯುವವರೆಗೂ ಮಂಗಮ್ಮ ಅಲ್ಲಾಡಲಿಲ್ಲ. ಮುಗಿದ ಮೇಲೆ, "ಮದುವೆಣ್ಣಲ್ಲ ಕಣಪ್ಪ ಇವಳು" ಎಂದಳು.

"ಗೊತ್ತಾಯ್ತು ಅತ್ತೆಮ್ಮ. ಇಳಿಸಿಬಿಡ್ತೀನಿ" ಎಂದು ರಂಗನಾಯಕ ಮುಖ ಒರೆಸಿಕೊಳ್ಳುತ್ತಾ ಏಳಹೋದ.

"ಕುಂತ್ಕೊ. ಎಣ್ಣ ಕೊಡ್ತೀನಿ, ಅದ್ಕೇನೂ ಎದ್ರಬ್ಯಾಡ. ಆದ್ರೆ ಈಗ ಬ್ಯಾಡ, ಸುಗ್ಗಿ ಕಳೀಲಿ. ನೀನಿನ್ನೂ ಸಾವಿನ ಮನೇಲೇ ಕುಂತಿದ್ದೀಯೆ, ನನ್ ಮಗಳ ಎಲ್ಲಿಗೆ ಅಂತ ಕಳ್ಸಲಿ?"

ಅವಳು ಕಂಬ ಬಿಟ್ಟು ಬಂದು ಅವನ ಪಕ್ಕದಲ್ಲೇ ಕೂತಳು.

"ನಿಮ್ಮವ್ವ ಪುಟ್ಟಸಿದ್ದಮ್ಮ ಎಂಗಿದ್ಲು? ಯೋಳು ಮಗ, ಕೇಳ್ತೀನಿ."