ಕೆಂಪು ಗೆರೆ ಬಾರದ ವಾರ

ಸೋಮವಾರ ಬೆಳಿಗ್ಗೆ ಔಷಧಿ ಅಂಗಡಿಯವನು ಕ್ಲಿನಿಕ್ಕಿಗೆ ಫೋನ್ ಮಾಡಿ, "ಈ ಹೆಸರಿನ ಮಾತ್ರೆ ನಮ್ಮಲ್ಲಿ ಮಾತ್ರ ಅಲ್ಲ, ಎಲ್ಲೂ ಇಲ್ಲ" ಎಂದ. ಮಂಗಳವಾರ ಇನ್ನೊಂದು ಅಂಗಡಿಯವನ ಸರದಿ. ಅಲ್ಲಿ ಆಗಿದ್ದು ಇನ್ನೂ ಕೆಟ್ಟದ್ದು. ಎರಡು ಅಕ್ಷರ ಆಚೀಚೆಯಾಗಿ ಹೃದ್ರೋಗಿಯ ಮಾತ್ರೆಯ ಹೆಸರು ಬೇರೊಂದು ಮಾತ್ರೆಯ ಹೆಸರಿನಂತೆ ಕಾಣುತ್ತಿತ್ತು. ಆತ ಅನುಭವಸ್ಥ, ಕೊಡುವ ಮೊದಲು ಕೇಳಿದ. ಇಲ್ಲದಿದ್ದರೆ ಏನಾಗುತ್ತಿತ್ತೋ.

ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. "ಯಾರ ತಪ್ಪು ಅಂತ ಶುಕ್ರವಾರದೊಳಗೆ ಗೊತ್ತಾಗ್ಬೇಕು. ಅವರು ಸೋಮವಾರದಿಂದ ಬರೋದು ಬೇಡ" ಎಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನಮ್ಮಿಬ್ಬರೆಂದರೆ ನಾನು ಮತ್ತು ನನ್ನ ನಾದಿನಿ. ಡಾಕ್ಟರು ಹೇಳಿ ರೆಕಾರ್ಡ್ ಮಾಡಿದ್ದನ್ನು ಇಯರ್‌ಫೋನಿನಲ್ಲಿ ಕೇಳಿ ರೋಗಿಗಳ ಔಷಧಿ ಪತ್ರಗಳನ್ನು ಟೈಪ್ ಮಾಡುವುದು ನನ್ನ ಕೆಲಸ. ಹದಿನೆಂಟು ವರ್ಷವಾಯಿತು. ಮೊದಲ ಹನ್ನೆರಡು ವರ್ಷ ಈ ಡಾಕ್ಟರ ತಂದೆ ದೊಡ್ಡ ಡಾಕ್ಟರಿಗೆ, ಆಮೇಲೆ ಇವರಿಗೆ. ಟೈಪಾದ ಪತ್ರಗಳನ್ನು ಜೋಡಿಸಿ, ಸಹಿ ಹಾಕಿಸಿ, ಕಳಿಸುವುದು ನಾದಿನಿಯ ಕೆಲಸ. ಹಳೇ ಕಾಂಪೌಂಡರ್ ನಿವೃತ್ತರಾದಾಗ ಆ ಜಾಗಕ್ಕೆ ಅವಳನ್ನು ಹಾಕಿಸಿದವಳು ನಾನೇ. ನಾಲ್ಕು ತಿಂಗಳ ಹಿಂದೆ ಅವಳು ಗಂಡನ ಮನೆ ಬಿಟ್ಟು ಒಂದು ಸೂಟ್‌ಕೇಸ್ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದಳು. ಈ ಕೆಲಸ ಇರುವುದರಿಂದಲೇ ಆ ಮನೆಯವರ ಮುಂದೆ ಅವಳು ತಲೆ ಎತ್ತಿ ನಿಂತಿದ್ದಳು. ಇದೂ ಹೋದರೆ ದಾರಿಗೆ ಬರುತ್ತಾಳೆಂದು ಅವರು ಕಾಯುತ್ತಿದ್ದರು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಅದನ್ನೇ ಈಗ ಹೇಳುತ್ತಿರುವುದು.

ಬುಧವಾರ ನಾನು ಆ ಎರಡು ಪತ್ರಗಳನ್ನು ಮತ್ತೆ ತೆರೆದೆ. ನಾವು ಟೈಪ್ ಮಾಡುವುದು ಇಂಟರ್ನೆಟ್ಟಿನ ಪುಟದಲ್ಲಿ. ಇಡೀ ಕ್ಲಿನಿಕ್ಕಿಗೆ ಒಂದೇ ಖಾತೆ, ಪಾಸ್‌ವರ್ಡ್ ಕೀಬೋರ್ಡಿನ ಕೆಳಗೆ ಚೀಟಿಯಲ್ಲಿ ಅಂಟಿಸಿದೆ. ತಪ್ಪು ಟೈಪಾದರೆ ಪದದ ಕೆಳಗೆ ಕೆಂಪು ಗೆರೆ ಬರಬೇಕು. ಆ ತಪ್ಪು ಹೆಸರನ್ನೇ ಮತ್ತೆ ಬೇಕೆಂದೇ ಟೈಪ್ ಮಾಡಿದೆ. ಗೆರೆ ಬರಲಿಲ್ಲ. ಯೋಚಿಸಿದರೆ ವಾರದಿಂದ ಒಂದು ಕೆಂಪು ಗೆರೆಯನ್ನೂ ಕಂಡ ನೆನಪಿಲ್ಲ. ಯಾರೋ ಅದನ್ನು ಆಫ್ ಮಾಡಿಟ್ಟಿದ್ದರು. ಆ ಕಂಪ್ಯೂಟರ್ ಮುಟ್ಟುವವರು ಇಬ್ಬರು. ಒಬ್ಬಳು ನಾನು, ನಾನು ಆರಿಸಿಲ್ಲ. ಇನ್ನು ಇದಕ್ಕೆ ಪತ್ತೇದಾರ ಬೇಕೆ?

ಹಳೇ ಪತ್ರಗಳ ಇತಿಹಾಸ ತೆರೆದು ನೋಡಿದೆ. ಯಾವಾಗ ಯಾವ ಬದಲಾವಣೆ ಆಯಿತೆಂದು ಅಲ್ಲಿ ಇರುತ್ತದೆ. ಒಂದೇ ಖಾತೆಯಾದ್ದರಿಂದ ಯಾರು ಎಂದು ಮಾತ್ರ ಇರುವುದಿಲ್ಲ. ತಿಂಗಳುಗಟ್ಟಲೆ, ಪತ್ರದ ಮೇಲೆ ಪತ್ರ, ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ, ಒಂದೂವರೆಗೆ ಬದಲಾವಣೆ. ಆ ಹೊತ್ತಿಗೆ ನಾನು ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂತಿರುತ್ತೇನೆ. "ನೀವು ಮೊದಲು ಊಟ ಮಾಡಿ ಅತ್ತಿಗೆ, ನಾನು ಆಮೇಲೆ" ಎಂದು ದಿನಾ ಕಳಿಸುವವಳು ಅವಳು. ಎಷ್ಟು ಮರ್ಯಾದೆಯ ಹುಡುಗಿ ಎಂದುಕೊಂಡಿದ್ದೆ.

ಮನೆಯಲ್ಲಿ ನಮ್ಮವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಅವಳು ಅಂಥೋಳಲ್ಲ" ಎಂದರು.

"ನಿಮ್ಮ ತಂಗಿ ಅಂದ್ರೆ ನಿಮಗೆ ಅಪರಂಜಿ" ಎಂದೆ.

"ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ನೀನಿನ್ನೂ ಪ್ರತ್ಯಕ್ಷಾನೇ ಕಂಡಿಲ್ಲ."

ಆ ಮಾತೇ ನನ್ನನ್ನು ಕೆಡಿಸಿತು. ಪ್ರಮಾಣ ತಾನೆ, ತೋರಿಸುತ್ತೇನೆ ಎಂದುಕೊಂಡೆ. ಗುರುವಾರ ಸಂಜೆ ಅವಳು ಸ್ನಾನಕ್ಕೆ ಹೋದಾಗ ಅವಳ ಕೋಣೆಗೆ ಹೋಗಿ ಚೀಲದ ಜಿಪ್ ಎಳೆದೆ. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನ ಜೇಬಿಗೆ ಕೂಡ ಕೈ ಹಾಕಿದವಳಲ್ಲ ನಾನು. ಒಳಗೆ ಒಂದು ಸಣ್ಣ ನೋಟ್‌ಬುಕ್ ಇತ್ತು. ತಾರೀಖಿನ ಪ್ರಕಾರ ನನ್ನ ಪತ್ರಗಳ ಪಟ್ಟಿ. ಪ್ರತಿಯೊಂದರ ಮುಂದೆ ಒಂದೇ ಪದ ಎರಡು ರೀತಿ, ಒಂದು ಸರಿ, ಒಂದು ತಪ್ಪು. ಯಾವ ಪತ್ರದಲ್ಲಿ ಏನನ್ನು ಕೆಡಿಸಬೇಕೆಂಬ ಲೆಕ್ಕ ಇದು, ನನ್ನ ಕುರ್ಚಿಗೆ ಕಣ್ಣು ಹಾಕಿದ್ದಾಳೆ ಎಂದು ಮನಸ್ಸು ಆಗಲೇ ತೀರ್ಪು ಬರೆದಾಗಿತ್ತು. ಅಂದು ಊಟಕ್ಕೆ ಬಡಿಸುವಾಗ ಅವಳ ಮುಖ ನೋಡಲಿಲ್ಲ. ಅವಳು, "ತಲೆನೋವಾ ಅತ್ತಿಗೆ?" ಎಂದಳು. ನಾಟಕ ಚೆನ್ನಾಗಿ ಮಾಡ್ತೀಯ ಎಂದು ಒಳಗೇ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ನೋಟ್‌ಬುಕ್ಕನ್ನು ಡಾಕ್ಟರ ಮೇಜಿನ ಮೇಲಿಟ್ಟು, ಮಧ್ಯಾಹ್ನದ ಬದಲಾವಣೆಗಳ ಸಮಯವನ್ನೂ ಹೇಳಿದೆ. ಹೊರಗೆ ರೋಗಿಗಳು ಸಾಲುಗಟ್ಟಿದ್ದರು. ಡಾಕ್ಟರು ನಾಲ್ಕು ಹಾಳೆ ತಿರುವಿ, ನಾದಿನಿಯನ್ನು ಕರೆದು, "ಸಂಜೆ ಬೀರು ಕೀ ಕೊಟ್ಟು ಹೋಗಿ" ಎಂದರು. ಅವಳು ಮೇಜಿನ ಮೇಲಿದ್ದ ನೋಟ್‌ಬುಕ್ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಹೊರಗೆ ಹೋದಳು. ಸಿಕ್ಕಿಬಿದ್ದವರು ಇನ್ನೇನು ಮಾತಾಡುತ್ತಾರೆ ಎಂದುಕೊಂಡೆ.

ಗೆರೆಯನ್ನು ಸರಿ ಮಾಡಲು ಮಧ್ಯಾಹ್ನ, ಎಲ್ಲರೂ ಕೇಬಲ್ ಎಂದೇ ಕರೆಯುವವನು ಬಂದ. ಹಿಂದೊಮ್ಮೆ ಬೀದಿಗೆಲ್ಲ ಟಿವಿ ಕೇಬಲ್ ಎಳೆದವನು, ಈಗ ಕಂಪ್ಯೂಟರ್ ರಿಪೇರಿ. ಐವತ್ತೈದರ ನಿಧಾನದ ಮನುಷ್ಯ. ಅವನ ಸ್ವಂತ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಪುಟವನ್ನು ಮುಚ್ಚಿ ತೆರೆದ. ಹಳೇ ಕಸವನ್ನೆಲ್ಲ ಅಳಿಸಿದ. ಪತ್ರದ ಭಾಷೆ ಸರಿಯಾಗಿದೆಯೇ ನೋಡಿದ. ಕಾಗುಣಿತದ ತಪ್ಪು ತೋರಿಸುವ ಗುಂಡಿ ಒತ್ತಿಯೇ ಇತ್ತು.

"ಯಾರೂ ಆರಿಸಿಲ್ಲ ಇದನ್ನ" ಎಂದ.

"ಆರಿಸಿ ಮತ್ತೆ ಹಾಕಿರ್ತಾರೆ. ನಿಮಗೆ ಗೊತ್ತಾಗಲ್ಲ" ಎಂದೆ.

ಅವನು ಕೀಬೋರ್ಡಿನ ಮೇಲೆ ಅಂಗೈ ಇಟ್ಟು ಒತ್ತಿದ. ಅರ್ಥವಿಲ್ಲದ ಅಕ್ಷರಗಳ ಸಾಲು ಬಿತ್ತು, ಅದರ ಕೆಳಗೆ ತಕ್ಷಣ ಕೆಂಪು ಗೆರೆ ಮೂಡಿತು. "ನೋಡಿ ಮೇಡಂ, ಕೆಲಸ ಮಾಡ್ತಿದೆ. ನಿಮ್ಮ ತಪ್ಪು ಪದಕ್ಕೆ ಮಾತ್ರ ಬರ್ತಿಲ್ಲ ಅಂದ್ರೆ, ಅದು ಸರಿ ಅಂತ ಯಾರೋ ಇದಕ್ಕೆ ಹೇಳಿಕೊಟ್ಟಿದಾರೆ." ಎಲ್ಲೋ ಒಳಗೆ ಹೋಗಿ ಒಂದು ಪಟ್ಟಿ ತೆಗೆದ. ನಿಘಂಟಿಗೆ ಸೇರಿಸಿದ ಪದಗಳಂತೆ. ಸಾವಿರಕ್ಕೂ ಮೇಲೆ. ಅವುಗಳ ನಡುವೆ ಆ ಎರಡು ಮಾತ್ರೆಗಳ ತಪ್ಪು ಹೆಸರುಗಳೂ ಇದ್ದವು.

"ಇಷ್ಟೊಂದನ್ನ ಅವಳು ಯಾವಾಗ ಸೇರಿಸಿದ್ಲು?" ಎಂದು ಜೋರಾಗಿಯೇ ಕೇಳಿದೆ. ಕೇಬಲ್ ಪಟ್ಟಿಯನ್ನು ಸರಿಸುತ್ತಾ ಹೋದ. ನಾನು ಓದುತ್ತಾ ಹೋದೆ. ದೊಡ್ಡ ಡಾಕ್ಟರ ಕಾಲದ, ಈಗ ಯಾರೂ ಬರೆಯದ ಔಷಧಿಗಳು. ತೀರಿಹೋದ ರೋಗಿಗಳ ಹೆಸರುಗಳು. ನನ್ನ ಮಗಳ ಕಾಲೇಜಿನ ಅರ್ಜಿಯನ್ನು ಇಲ್ಲೇ ಟೈಪ್ ಮಾಡಿದ್ದೆ, ಅದರ ಪದಗಳು. ನಾದಿನಿ ಈ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವ ಎಷ್ಟೋ ವರ್ಷ ಮೊದಲಿನವು.

ಆಗ ನನ್ನ ಬೆರಳುಗಳಿಗೆ ನೆನಪಾಯಿತು. ಔಷಧಿಗಳ ಹೆಸರಿಗೆಲ್ಲ ಈ ಯಂತ್ರ ಕೆಂಪು ಗೆರೆ ಎಳೆಯುತ್ತಿತ್ತು. ಸರಿಯಾದದ್ದಕ್ಕೂ ಎಳೆಯುತ್ತಿತ್ತು. ಇದಕ್ಕೇನು ಗೊತ್ತು ವೈದ್ಯದ ಭಾಷೆ ಎಂದು ನಾನು ಪತ್ರ ಮುಗಿದ ಕೂಡಲೇ ಮೇಲಿಂದ ಕೆಳಗೆ ಒಂದೊಂದೇ ಗೆರೆಯ ಮೇಲೆ ಒತ್ತಿ "ಸೇರಿಸು" ಎನ್ನುತ್ತಿದ್ದೆ. ತಲೆಯಲ್ಲಿ ಹೇನು ಕುಕ್ಕಿದ ಹಾಗೆ. ಪದವನ್ನು ಓದುತ್ತಿರಲಿಲ್ಲ, ಗೆರೆ ಕಂಡದ್ದೂ ನೆನಪಲ್ಲಿ ಉಳಿಯುತ್ತಿರಲಿಲ್ಲ. ನಾನು ತಪ್ಪು ಮಾಡುವವಳಲ್ಲವಲ್ಲ.

"ಮಧ್ಯಾಹ್ನದ ಬದಲಾವಣೆ ಅಂದ್ರಲ್ಲ, ಏನು ಬದಲಾಗಿದೆ ಅಂತ ನೋಡಿದ್ರಾ?" ಎಂದ ಕೇಬಲ್.

"ಸಮಯ ನೋಡಿದೆ."

ಅವನು ಒಂದನ್ನು ತೆರೆದ. ಬೆಳಿಗ್ಗೆ ತಪ್ಪು, ಒಂದೂ ಇಪ್ಪತ್ತಕ್ಕೆ ಸರಿ. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೆಯೇ. ಅಂಗಡಿಯವರು ಫೋನ್ ಮಾಡಿದ ಆ ಎರಡು ಪತ್ರಗಳಲ್ಲಿ ಮಾತ್ರ ಮಧ್ಯಾಹ್ನದ ಬದಲಾವಣೆ ಇರಲಿಲ್ಲ. ಅವು ಹೋದದ್ದು ಹಿಂದಿನ ವಾರ, ನಾದಿನಿ ಜ್ವರ ಬಂದು ಮಲಗಿದ್ದ ದಿನ. ಹಳೇ ಕಾಂಪೌಂಡರ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಸಂಜೆ ತನಕ ನನ್ನ ಪತ್ರಗಳನ್ನು ಯಾಕೆ ಓದುತ್ತಿದ್ದರೆಂದೂ ಆಗಲೇ ತಿಳಿಯಿತು. ತಾ ಕಳ್ಳ, ಪರರ ನಂಬ ಎನ್ನುತ್ತಾರೆ. ನಾನು ಕಳ್ಳತನ ಮಾಡಿದ್ದೂ ನನಗೇ ಗೊತ್ತಿರಲಿಲ್ಲ.

ಡಾಕ್ಟರು ಬಾಗಿಲಲ್ಲಿ ನಿಂತು, "ಸರಿಯಾಯ್ತಾ?" ಎಂದರು.

"ಡಾಕ್ಟ್ರೇ, ಅವಳಲ್ಲ. ನಾನೇ."

ಅವರು ನಿಟ್ಟುಸಿರು ಬಿಟ್ಟರು. "ನಿಮ್ಮನ್ನ ಇವತ್ತು ನೋಡ್ತಿದೀನಾ? ಮನೆ ಹುಡುಗಿ ಅಂತ ತಪ್ಪನ್ನ ನಿಮ್ಮ ಮೇಲೆ ಹಾಕ್ಕೋಬೇಡಿ. ನಿಮ್ಮದು ದೊಡ್ಡ ಮನಸ್ಸು."

ನಾಚಿಕೆಯಿಂದ ಹೇಳುತ್ತೇನೆ, ಒಂದು ಕ್ಷಣ ಆ ದೊಡ್ಡ ಮನಸ್ಸಿನಲ್ಲಿ ಹಾಯಾಗಿ ನಿಂತಿದ್ದೆ. ಸುಮ್ಮನಿದ್ದರೆ ಸಾಕಿತ್ತು. ಕೇಬಲ್ ತನ್ನ ಸ್ಕ್ರೂಡ್ರೈವರನ್ನು ಡಬ್ಬಿಗೆ ಹಾಕುತ್ತಿದ್ದ, ಅವನು ಏನೂ ಹೇಳುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ನಾದಿನಿ ಬೀರುವಿನ ಕೀಗಳನ್ನು ಗೊಂಚಲಿಂದ ಬಿಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

ನನ್ನ ಕುರ್ಚಿಯನ್ನು ಎಳೆದು ಡಾಕ್ಟರನ್ನು ಕೂರಿಸಿದೆ. ಪದಗಳ ಪಟ್ಟಿಯನ್ನೂ ಮಧ್ಯಾಹ್ನದ ಬದಲಾವಣೆಗಳನ್ನೂ ತೆರೆದು, "ಓದಿ" ಎಂದೆ.

ಅವರು ಬಹಳ ಹೊತ್ತು ಓದಿದರು. ತಮ್ಮ ತಂದೆಯ ಕಾಲದ ಪದಗಳು ಬಂದಲ್ಲಿ ನಿಂತರು. ಎದ್ದು ಹೋಗಿ ನೋಟ್‌ಬುಕ್ ತಂದು, ನಾದಿನಿಯ ಕೈಗೆ ಕೊಟ್ಟರು. "ಕ್ಷಮಿಸಿ. ನೀವು ಓದದ ಕಾಗದಕ್ಕೆ ಇನ್ನು ನಾನು ಸಹಿ ಹಾಕಲ್ಲ. ಕೀ ನಿಮ್ಮ ಹತ್ರಾನೇ ಇರ್ಲಿ" ಎಂದರು. ನನಗೆ, "ಸೋಮವಾರ ಮಾತಾಡೋಣ" ಎಂದಷ್ಟೇ ಹೇಳಿ ಒಳಗೆ ಹೋದರು.

"ತಪ್ಪಾಯ್ತು ಕಣೇ" ಎಂದೆ. "ನೀನಾದ್ರೂ ಮೊದ್ಲೇ ಹೇಳ್ಬಾರ್ದಿತ್ತಾ?"

"ನಿಮ್ಮ ಮನೇಲಿದ್ಕೊಂಡು ನಿಮ್ಮ ತಪ್ಪು ಎಣಿಸಿ ಹೇಳೋದು ಹೇಗೆ ಅತ್ತಿಗೆ? ಹಾಗಂತ ಕಾಗದ ಹಾಗೇ ಕಳಿಸೋಕೂ ಆಗ್ಲಿಲ್ಲ." ಅವಳ ದನಿಯಲ್ಲಿ ಕೋಪವಿರಲಿಲ್ಲ. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. "ಸೋಮವಾರ ಕೆಲಸಕ್ಕೆ ಬರ್ತೀನಿ. ಮನೆಗೆ ಬರಲ್ಲ. ಗೆಳತಿ ಹತ್ರ ಇರ್ತೀನಿ, ಸೂಟ್‌ಕೇಸ್ ನಾಳೆ ತಗೊಂಡು ಹೋಗ್ತೀನಿ."

"ನಿಮ್ಮಣ್ಣನಿಗೆ ಏನಂತ ಹೇಳ್ಲಿ?"

ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ನಿಂತಳು.

"ನನ್ನ ಚೀಲ ತೆಗ್ದು ನೋಡಿದ್ದನ್ನ ಹೇಳಿ" ಎಂದಳು.