ಸೋಸಿದ ನೀರನ್ನೇ ಸೋಸುತ್ತಿದ್ದ ಮಂಗಲ

ನಮ್ಮ ಕಟ್ಟಡದಲ್ಲಿ ನೀರಿನ ಜಗಳ ಇಲ್ಲದ ದಿನವೇ ಇರಲಿಲ್ಲ. ಸಾಂಗ್ಲಿಗೂ ಮಿರಜಿಗೂ ನಡುವೆ, ಮೊನ್ನೆಮೊನ್ನೆಯವರೆಗೆ ಕಬ್ಬು ಬೆಳೆಯುತ್ತಿದ್ದ ಹೊಲದಲ್ಲಿ ಎದ್ದ ಕಟ್ಟಡ ಇದು. ಇಪ್ಪತ್ತನಾಲ್ಕು ತಾಸೂ ನೀರು ಅಂತ ಬಿಲ್ಡರ್ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ್ದ. ಬಂದು ನೋಡಿದರೆ ನಳದಲ್ಲಿ ಬರೀ ಗಾಳಿ. ನೀರಿನ ಟಾಕಿ ಖಾಲಿಯಾದಾಗಲೆಲ್ಲ ಎಲ್ಲರೂ ಬಯ್ಯುತ್ತಿದ್ದದ್ದು ಮೂರನೆಯ ಮಹಡಿಯ ಮಂಗಲಳನ್ನು. "ಆಕಿ ಮನೀ ನಳ ಬಂದ್ ಆಗೂದ ಇಲ್ಲ ನೋಡ್ರಿ!" ಅನ್ನುತ್ತಿದ್ದರು. ಅವರು ಹೇಳಿದ್ದು ಸುಳ್ಳೇನೂ ಅಲ್ಲ.

ನಾನು ಸುನಂದಾಬಾಯಿ. ಮಂಗಲಳ ಎದುರು ಮನೆ, ಆಕೆಗೆ ನಾನು ಮಾವಶಿ, ಚಿಕ್ಕಮ್ಮನ ಹಾಗೆ. ಸಾಂಗ್ಲಿ ಪೇಟೆಯಲ್ಲಿ ನಮ್ಮದು ಅರಿವೆ ಅಂಗಡಿ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯನ್ನು ನಮ್ಮ ಉಳಿತಾಯದ ಬಚತ್ ಗುಂಪಿನಲ್ಲಿ ಓದಿರಿ ಅಂದವಳು ಮಂಗಲಳೇ. ಹೆಸರು ಬೇರೆ ಹಾಕಲೇನು ಅಂತ ಕೇಳಿದೆ.

"ಯಾಕ ಮಾವಶಿ? ಮುಚ್ಚಿಟ್ಟು ಮುಚ್ಚಿಟ್ಟೇ ಸಾಯೂ ಹಂಗಾಗಿತ್ತು. ನನ್ನ ಹೆಸರ ಹಾಕ್ರಿ" ಅಂದಳು.

ಮಂಗಲಳ ಮನೆಯವರು ಜೈನರು. ಮೊದಲು ಮಾಲಗಾಂವದಲ್ಲಿ ದ್ರಾಕ್ಷಿ ತೋಟದೊಳಗೇ ಮನೆ. ಗಂಡ ಧನ್ಯಕುಮಾರ ಒಣದ್ರಾಕ್ಷಿ ವ್ಯಾಪಾರ ಹಿಡಿದ, ವ್ಯಾಪಾರ ಕುದುರಿತು, ತೊಂಬತ್ತಾರರಲ್ಲಿ ಇಲ್ಲಿ ಫ್ಲ್ಯಾಟ್ ತೆಗೆದುಕೊಂಡರು. ಜೊತೆಗೆ ಅತ್ತೆ ಅಕ್ಕಾತಾಯಿ. ಅವರಲ್ಲಿ ನೀರನ್ನು ಅರಿವೆಯಿಂದ ಸೋಸದೆ, ನಮ್ಮ ಕಡೆಯ ಮಾತಿನಲ್ಲಿ ಗಾಳಿಸದೆ, ಬಳಸುವುದಿಲ್ಲ. ನೀರಿನಲ್ಲಿರುವ ಸಣ್ಣ ಜೀವಕ್ಕೂ ನೋವಾಗಬಾರದು ಅಂತ. ಸೋಸಿದ ಮೇಲೆ ಅರಿವೆಯನ್ನು ಮಗುಚಿ ತೊಳೆದು, ಆ ನೀರನ್ನು ಬಂದ ಬಾವಿಗೇ ಮೆಲ್ಲಗೆ ಬಿಡುತ್ತಾರೆ. ಎಷ್ಟು ಚಂದದ ಪದ್ಧತಿ ಅಂತ ಲಿಂಗಾಯತಳಾದ ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆದರೆ ಮಾಲಗಾಂವದಲ್ಲಿ ಅಂಗಳದಲ್ಲೇ ಬಾವಿ ಇತ್ತು. ಇಲ್ಲಿರುವುದು ನಳ. ನಳಕ್ಕೆ ನೀರು ವಾಪಸು ಕೊಡಲು ಬರುತ್ತದೆಯೇ? ಮಂಗಲ ಒಂದಷ್ಟು ದಿನ ಅರಿವೆ ತೊಳೆದ ನೀರನ್ನು ಚರಿಗೆಯಲ್ಲಿ ಹಿಡಿದುಕೊಂಡು ಹೋಗಿ ಹಿಂದಿನ ಪ್ಲಾಟಿನ ಹಳೆಯ ಬಾವಿಗೆ ಬಿಟ್ಟು ಬರುತ್ತಿದ್ದಳು. ಆಮೇಲೆ ಆ ಪ್ಲಾಟೂ ಮಾರಾಟವಾಯಿತು. ಲಾರಿಗಟ್ಟಲೆ ಕಲ್ಲುಮಣ್ಣು ಸುರಿದು ಬಾವಿ ಮುಚ್ಚಿದರು.

ಅಂದಿನಿಂದ ಆಕೆಗೆ ಸಂಶಯ ಶುರುವಾಯಿತು. ತೊಳೆದ ನೀರು ಗಟಾರಕ್ಕೆ ಹೋದರೆ ಅದರಲ್ಲಿನ ಜೀವಗಳ ಗತಿ ಏನು? ಸೋಸಿದ ನೀರಿನಲ್ಲಿ ಒಂದಾದರೂ ಉಳಿದಿದ್ದರೆ? ಅರಿವೆಗೆ ಕಣ್ಣಿಗೆ ಕಾಣದಷ್ಟು ತೂತು ಬಿದ್ದಿದ್ದರೆ? ಸೋಸಿದ ನೀರನ್ನು ಮತ್ತೆ ಸೋಸಿದಳು. ಅದನ್ನು ಬೆಳಕಿಗೆ ಹಿಡಿದು ನೋಡಿ ಮತ್ತೊಮ್ಮೆ ಸೋಸಿದಳು. ಮಧ್ಯಾಹ್ನವಾದರೂ ಒಲೆ ಮೇಲೆ ಬೇಳೆ ಏರುತ್ತಿರಲಿಲ್ಲ. ಕೈ ಬಿರಿದು ರಕ್ತ ಬರುತ್ತಿತ್ತು. ಕಡೆಗೆ, ತಾನು ಕುಡಿದರೆ ತಾನೇ ಜೀವ ಸಾಯುವುದು ಅಂತ ಕುಡಿಯುವುದನ್ನೇ ಕಡಿಮೆ ಮಾಡಿದಳು.

ಅಕ್ಕಾತಾಯಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ. "ನಮ್ಮ ಮಂಗಲಾನಷ್ಟು ಧರ್ಮ ಪಾಳಿಸೂ ಸೊಸಿ ಈ ಸಾಂಗ್ಲಿ ಮಿರಜ ಹುಡುಕಿದರೂ ಸಿಗೂದಿಲ್ಲ" ಅಂತ ಬಸದಿಯಲ್ಲಿ ಹೇಳಿಕೊಂಡು ಬಂದರು. ಭಾದ್ರಪದದ ಉಪವಾಸದ ಪರ್ವದ ಹೊತ್ತಿಗೆ, ನೀರನ್ನೂ ಬಿಟ್ಟು ವ್ರತ ಹಿಡಿದಿದ್ದಾಳೆ ಅಂತ ಹೆಣ್ಣುಮಕ್ಕಳು ಮನೆಗೇ ಬಂದು ಮಂಗಲಳ ಕಾಲು ಮುಟ್ಟಿ ಹೋದರು. ಅವರು ಹೋದ ಮೇಲೆ ಆಕೆ ನನ್ನ ಕೈ ಹಿಡಿದುಕೊಂಡಳು.

"ಮಾವಶಿ, ನಾ ಉಪವಾಸ ಮಾಡಾಕತ್ತಿಲ್ರಿ. ನನಗ ನೀರ ಕುಡಿಯಾಕ ಹೆದರಿಕಿ."

ಎರಡೇ ದಿನಕ್ಕೆ ಆಕೆ ಅಡಿಗೆಮನೆಯಲ್ಲಿ ತಲೆ ತಿರುಗಿ ಬಿದ್ದಳು. ರಿಕ್ಷಾ ಹಿಡಿದು ಮಿರಜಿನ ಆಸ್ಪತ್ರೆಗೆ ಒಯ್ದೆವು. ಸಲಾಯಿನ್ ಹಚ್ಚಿದರು. ಹೀಗೇ ನೀರು ಬಿಟ್ಟರೆ ಮೂತ್ರಪಿಂಡ ಕೆಟ್ಟೀತು, ಆಮೇಲೆ ನಮ್ಮ ಕೈಯಲ್ಲೂ ಇಲ್ಲ ಅಂದ ಡಾಕ್ಟರು, ಮನಸ್ಸಿನ ವಿಭಾಗಕ್ಕೆ ಹೋಗಿರಿ ಅಂತ ಕಳಿಸಿದರು.

ಧನ್ಯಕುಮಾರನ ಮುಖ ಕೆಂಪಾಯಿತು. "ನನ್ನ ಹೆಂಡತಿಗೆ ಹುಚ್ಚು ಅಂತೀರೇನ್ರಿ?"

ಅಲ್ಲಿನ ದೊಡ್ಡ ಮೇಡಂ ಕಾಂಚನ. ವಿಜಾಪುರ ಕಡೆಯವರು, ನಮ್ಮಂತೆಯೇ ಮಾತು. "ಹುಚ್ಚು ಅಲ್ರಿ ಧನ್ಯಕುಮಾರ. ಇದಕ್ಕ ಗೀಳು ಅಂತಾರ. ಬ್ಯಾಡಂದರೂ ಒಂದ ವಿಚಾರ ಮತ್ತ ಮತ್ತ ಬರ್ತೈತಿ, ಅದರ ಹೆದರಿಕಿ ಕಳ್ಯಾಕ ಒಂದ ಕೆಲಸ ಮತ್ತ ಮತ್ತ ಮಾಡ್ತಾರ. ಕೆಲವರಿಗೆ ಕೈ ತೊಳಿಯೂದು, ಕೆಲವರಿಗೆ ಬಾಗಲಾ ಹಾಕೇನೋ ಇಲ್ಲೋ ನೋಡೂದು. ಇವರಿಗೆ ನೀರು. ವಾಸಿ ಆಗೂ ಬ್ಯಾನಿ ಇದು" ಅಂದರು. ಮನೆಗೆ ಬಂದು ಕಲಿಸಲು ವೃಷಾಲಿ ಅನ್ನುವ ಹುಡುಗಿಯನ್ನು ಗೊತ್ತು ಮಾಡಿದರು. ಆಕೆ ಮನಃಶಾಸ್ತ್ರ ಕಲಿಯುತ್ತಿದ್ದವಳು, ಮಾತಿನಿಂದಲೇ ವಿಚಾರ, ನಡತೆ ತಿದ್ದುವ ಅರಿವು-ವರ್ತನೆ ಚಿಕಿತ್ಸೆಯನ್ನು ಮೇಡಂ ಕೈಕೆಳಗೆ ಅಭ್ಯಾಸ ಮಾಡುತ್ತಿದ್ದಳು. ಜೈನರ ಹುಡುಗಿಯೇ. ಕನ್ನಡ ಪೂರಾ ತಿಳಿಯುತ್ತಿತ್ತು, ಮಾತಾಡುವಾಗ ಅರ್ಧ ಮರಾಠಿ, ಮಂಗಲಳನ್ನು ಅತ್ತಿಗೆ ಅನ್ನುವ ಬದಲು ವೈನಿ ಅನ್ನುತ್ತಿದ್ದಳು.

ನನಗೆ ನಂಬಿಕೆ ಬರಲಿಲ್ಲ. ಇನ್ನೂ ಕಲಿಯುವ ಹುಡುಗಿ, ಬರೀ ಮಾತಿನಿಂದ ಏನು ವಾಸಿ ಮಾಡುತ್ತಾಳೆ? ಮೊದಲ ದಿನ ಬಂದಾಗ ಮಂಗಲ ಲೋಟ ಹಿಡಿದು, "ಖರೇ ಹೇಳವಾ, ಇದರಾಗ ಏನೂ ಇಲ್ಲಲ್ಲ?" ಅಂತ ಕೇಳಿದಳು.

"ಏನೂ ಇಲ್ಲ ವೈನಿ. ನನ್ನ ಶಪಥ. ಹೆದರಬ್ಯಾಡ್ರಿ, ಬಿನ್‌ಧಾಸ್ತ ಕುಡೀರಿ!" ಅಂದಳು ವೃಷಾಲಿ.

ಮಂಗಲ ಕುಡಿದೇ ಬಿಟ್ಟಳು! ಅಕ್ಕಾತಾಯಿ ಸಕ್ಕರೆ ಹಂಚಿದರು. ವೃಷಾಲಿ ಮೊಪೆಡ್ ಏರಿ ಕುಣಿಯುತ್ತ ಹೋದಳು. ಮರುದಿನ ಏನಾಯಿತು ಅನ್ನುತ್ತೀರಿ? ಮಂಗಲ ಕೆಳಗಿನ ಎಸ್‌ಟಿಡಿ ಬೂತಿನಿಂದ ಆಸ್ಪತ್ರೆಗೆ ಫೋನು ಹಚ್ಚಿದಳು. "ವೃಷಾಲಿ, ಇವತ್ತಿನ ನೀರಾಗ ಏನೂ ಇಲ್ಲಲ್ಲ?" ಊಟದ ಹೊತ್ತಿಗೆ ಮತ್ತೆ ಫೋನು. ಸಂಜೆಗೆ ಮತ್ತೆ. ಆ ವಿಭಾಗದ ಗುಮಾಸ್ತ ಫೋನು ಎತ್ತುವುದನ್ನೇ ಬಿಟ್ಟನಂತೆ.

ಮೇಡಂ ವೃಷಾಲಿಯ ಕಿವಿ ಹಿಂಡಿದರು. ಅವರು ಅಂದದ್ದನ್ನು ಆಮೇಲೆ ವೃಷಾಲಿಯೇ ನನಗೆ ನಗುತ್ತ ಹೇಳಿದಳು: "ಮೊದಲ ಆಕಿ ಅರಿವಿಲೆ ಗಾಳಸ್ತಿದ್ದಳು. ಈಗ ನಿನ್ನ ಬಾಯಿಲೆ ಗಾಳಸಾಕತ್ತಾಳ. ಭರವಸೆ ಕೊಡೂದು ನಮ್ಮ ಕೆಲಸ ಅಲ್ಲ ವೃಷಾಲಿ. ಭರವಸೆ ಇಲ್ಲದನೂ ಹೆದರಿಕಿ ಇಳೀತೈತಿ ಅನ್ನೂದನ್ನ ಆಕಿಗೆ ಕಲಿಸೂದು ನಮ್ಮ ಕೆಲಸ."

ಮುಂದಿನ ವಾರ ವೃಷಾಲಿ ಬಂದಾಗ ಕುಣಿತ ಇರಲಿಲ್ಲ. ಎಲ್ಲರನ್ನೂ ಕೂರಿಸಿದಳು, ನನ್ನನ್ನೂ ಕರೆದಳು.

"ವೈನಿ, ತುರಿಕಿ ಬಂದಾಗ ತುರಿಸಿಕೊಂಡರ ಏನಾಗ್ತೈತಿ?"

"ಹಾಯ್ ಅನಸ್ತೈತಿ."

"ಆಮ್ಯಾಲೆ?"

"ಇನ್ನೂ ಜಾಸ್ತಿ ಆಗ್ತೈತಿ" ಅಂದ ಮಂಗಲ ತನ್ನ ಬಿರಿದ ಕೈ ನೋಡಿಕೊಂಡಳು.

"ಇದೂ ಹಂಗ. ಸಂಶಯ ಬರ್ತೈತಿ, ಜೀವ ಹೊಯ್ದಾಡ್ತೈತಿ. ನೀವು ಗಾಳಸ್ತೀರಿ, ಇಲ್ಲಾ ಯಾರನರೆ ಕೇಳ್ತೀರಿ. ಥೋಡಾ ಹೊತ್ತು ಆರಾಮ. ಮತ್ತ ಅದಾ ಸಂಶಯ, ಮೊದಲಿಗಿಂತ ಜೋರ. ಗಾಳಸದ, ಕೇಳದ, ಸುಮ್ಮ ಕುಂತರ ಹೆದರಿಕಿ ಏರ್ತೈತಿ. ಆದರ ಏರಿದ್ದು ತಾನಾ ಇಳೀತೈತಿ. ಅದು ಇಳಿಯೂದನ್ನ ನೀವು ಒಂದ ಸಲನೂ ನೋಡಿಲ್ಲ, ಯಾಕಂದರ ಅದಕ್ಕಿಂತ ಮೊದಲ ಅರಿವಿ ಹಿಡೀತೀರಿ."

ಅಕ್ಕಾತಾಯಿ ಸಿಡಿದೆದ್ದರು. "ನಮ್ಮ ಧರ್ಮಾ ಬಿಡಸಾಕ ಬಂದೀಯೇನವಾ? ನೀನೂ ಜೈನರ ಹೊಟ್ಟಿಲೆ ಹುಟ್ಟಿದಾಕಿ. ನಾಚಿಕಿ ಆಗೂದಿಲ್ಲ?"

"ಆಜಿ, ನಮ್ಮ ಮನ್ಯಾಗೂ ಗಾಳಸ್ತೀವ್ರಿ. ಗಾಳಸೂದು ಬಿಡ್ರಿ ಅನ್ನೂದಿಲ್ಲ ನಾ. ಗಾಳಿಸಿದ್ದನ್ನ ಗಾಳಸೂದು ಬಿಡ್ರಿ ಅಂತೇನಿ. ನೀವು ಹರೇದಾಗಿದ್ದಾಗ ಎಷ್ಟು ಸಲ ಗಾಳಸ್ತಿದ್ರಿ?"

ಅಕ್ಕಾತಾಯಿ ತಡವರಿಸಿದರು. "ಒಂದ ಸಲ. ಆದರ..."

"ಗಾಳಿಸಿದ ಮ್ಯಾಲೆ ನಿಮಗ ಅಳು ಬರ್ತಿತ್ತೇನ್ರಿ?"

"ಅಳು ಯಾಕ ಬರಬೇಕ? ಕೊಡಾ ತುಂಬಿಟ್ಟು ರೊಟ್ಟಿ ಬಡಿಯಾಕ ಕೂಡ್ತಿದ್ದೆ."

"ವೈನಿ ದಿನಾ ಅಳ್ತಾರ."

ಅಕ್ಕಾತಾಯಿ ಸೊಸೆಯ ಮುಖ ನೋಡಿದರು. ಇಷ್ಟು ದಿನ ಆ ಅಳುವನ್ನೂ ಅವರು ಭಕ್ತಿ ಅಂದುಕೊಂಡಿದ್ದರು.

ಎಲ್ಲರೂ ಬಸದಿಯಲ್ಲಿ ಪೂಜೆ ಮಾಡಿಸುವ ಹಿರಿಯ ಉಪಾಧ್ಯೆಯವರ ಹತ್ತಿರ ಹೋದೆವು. ಅವರು ಸಿಟ್ಟು ಮಾಡಲಿಲ್ಲ. "ದಪ್ಪ ಅರಿವಿ, ಎರಡ ಮಡಿಕಿ, ಒಂದ ಸಲ. ಬಾವಿ ಇಲ್ಲದಲ್ಲಿ ತೊಳೆದ ನೀರನ್ನ ಹಸನಾದ ಜಾಗಾದಾಗ ಮೆಲ್ಲಕ ಬಿಡು. ಸಂಸಾರಸ್ಥರು ಇಷ್ಟ ಮಾಡಿದರ ಸಾಕು. ನಿನ್ನ ಜೀವಾನೂ ಜೀವ ಐತೆವಾ, ಅದಕ್ಕೂ ಹಿಂಸಾ ಮಾಡಬ್ಯಾಡ" ಅಂದರು. ಆಮೇಲೆ, "ಇದನ್ನ ಮತ್ತ ಕೇಳಾಕ ಬಂದರ ನಾ ಹೇಳೂದಿಲ್ಲ" ಅಂತಲೂ ಸೇರಿಸಿದರು. ಆ ಕೊನೆಯ ಮಾತನ್ನು ವೃಷಾಲಿಯೇ ಮೊದಲು ಹೋಗಿ ಕೇಳಿಕೊಂಡಿದ್ದಳು. ಇಲ್ಲದಿದ್ದರೆ ಮಂಗಲ ಅಲ್ಲಿಗೂ ಫೋನು ಹಚ್ಚುತ್ತಿದ್ದಳು ನೋಡಿ!

ಒಮ್ಮೆಲೇ ಬಿಡಿಸಲಿಲ್ಲ. ಮೊದಲು ಪಾತ್ರೆ ತೊಳೆಯುವ ನೀರನ್ನು ಒಂದೇ ಸಲ ಸೋಸುವುದು. ಅದು ರೂಢಿಯಾದ ಮೇಲೆ ಅಡಿಗೆಯ ನೀರು. ಎಲ್ಲಕ್ಕಿಂತ ಕಡೆಗೆ ಕುಡಿಯುವ ನೀರು, ಆಕೆಗೆ ಅದರದ್ದೇ ಹೆಚ್ಚು ಹೆದರಿಕೆ. ಯಾವುದು ಮೊದಲು ಅಂತ ಗೊತ್ತು ಮಾಡಿದವಳೂ ಮಂಗಲಳೇ, ಯಾರೂ ಬಲವಂತ ಮಾಡಲಿಲ್ಲ. ಅಷ್ಟರವರೆಗೆ ಡಾಕ್ಟರು ಹೇಳಿದಷ್ಟು ನೀರನ್ನು ಆಕೆ ಹೇಗಾದರೂ ಸೋಸಿ ಕುಡಿಯಲೇಬೇಕು ಅಂತ ಕಟ್ಟಪ್ಪಣೆ ಇತ್ತು. ಡಾಕ್ಟರು ಕೊಟ್ಟ ಮಾತ್ರೆಯೂ ನಡೆದಿತ್ತು.

ಕಷ್ಟವಾದದ್ದು ಅಕ್ಕಾತಾಯಿಗೆ. ಸೊಸೆ ಕೇಳಿದರೆ ಉತ್ತರ ಕೊಡಬಾರದು ಅಂದರೆ ಅವರ ಬಾಯಿ ಕೇಳಬೇಕಲ್ಲ? ವೃಷಾಲಿ ಉಪಾಯ ಮಾಡಿದಳು. "ನಮಗೂ ಕ್ಲಾಸಿನ್ಯಾಗ ಹಿಂಗ ನಾಟಕಾ ಮಾಡಸ್ತಾರ ಆಜಿ. ಈಗ ನಾನಾ ನಿಮ್ಮ ಸೊಸಿ." ಲೋಟ ಹಿಡಿದು, ಮುಖ ಸಣ್ಣದು ಮಾಡಿ, "ಅತ್ತಿ, ಇದರಾಗ ಏನೂ ಇಲ್ಲಲ್ಲ?"

"ಏನೂ ಇಲ್ಲವಾ, ಕುಡಿ" ಅಂದರು ಅಕ್ಕಾತಾಯಿ. ಎಲ್ಲರೂ ನಕ್ಕೆವು.

ಮತ್ತೆ ಕೇಳಿದಳು. "ಇಲ್ಲ ಅಂದ್ನೆಲ್ಲಾ!" ಅಂತ ರೇಗಿದರು. ಮೂರನೆಯ ಸಲ ಬಾಯಿ ಮುಚ್ಚಿಕೊಂಡು ತಲೆಯನ್ನೇ ಅಲ್ಲಾಡಿಸಿದರು. "ತಲಿ ಅಲ್ಲಾಡಿಸೂದೂ ಉತ್ತರಾ ಆಜಿ!" ಅಂತ ವೃಷಾಲಿ ನಕ್ಕಳು. ಮಂಗಲಳೂ ನಕ್ಕಳು. ಆಕೆ ನಕ್ಕದ್ದನ್ನು ನಾನು ಬಹಳ ದಿನದ ಮೇಲೆ ನೋಡಿದೆ.

ಬೇಸಿಗೆ ಹತ್ತುವ ಹೊತ್ತಿಗೆ ಕುಡಿಯುವ ನೀರಿನ ಸರದಿ ಬಂತು. ಅಂದು ವೃಷಾಲಿ ಬಾಗಿಲ ಹತ್ತಿರ ನನ್ನ ಪಕ್ಕ ಕೂತಿದ್ದಳು. ಮಂಗಲ ಒಂದೇ ಸಲ ಸೋಸಿ, ಲೋಟ ತುಂಬಿಕೊಂಡು ಅತ್ತೆಯ ಎದುರಿಗೆ ಕೂತಳು. ಅದನ್ನು ಬಾಯಿಯವರೆಗೆ ಒಯ್ದು ಮತ್ತೆ ಕೆಳಗಿಟ್ಟಳು.

"ಅತ್ತಿ, ಒಂದ ಸಲ ಹೇಳ್ರಿ. ಇದರಾಗ ಯಾವ ಜೀವಾನೂ ಇಲ್ಲಲ್ಲ?"

ಅಕ್ಕಾತಾಯಿ ಸೆರಗು ಬಿಗಿಹಿಡಿದರು. "ನನಗ ಗೊತ್ತಿಲ್ಲವಾ."

"ನಿಮಗ ಕೈ ಮುಗೀತೇನಿ. ಒಂದ ಮಾತ ಅನ್ರಿ."

ಇಲ್ಲ ಅನ್ನುವ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ವೃಷಾಲಿ ನನ್ನ ಮೊಣಕೈ ಒತ್ತಿದಳು. ಅಕ್ಕಾತಾಯಿಯ ಕಣ್ಣಲ್ಲಿ ನೀರು ಬಂದಿತ್ತು, ಆದರೂ ದನಿ ಗಟ್ಟಿಯಾಗಿತ್ತು.

"ನೀರಾಗ ಏನೈತಿ ನನಗ ಗೊತ್ತಿಲ್ಲ. ನಿನಗ ಹೆದರಿಕಿ ಆಗೇತಿ, ಅದು ಗೊತ್ತೈತಿ. ನಾ ಇಲ್ಲೇ ಕುಂತಿರ್ತೇನಿ."

ಮಂಗಲ ಅತ್ತಳು. ಅರಿವೆಯ ಕಡೆ ನೋಡಿದಳು, ಏಳಲು ಹೋದಳು, ಮತ್ತೆ ಕೂತಳು. ಪಕ್ಕದ ಮನೆಯ ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು, ಅದೊಂದೇ ಸದ್ದು. ಬಹಳ ಹೊತ್ತಾಯಿತು. ಆಕೆಯ ಉಸಿರು ನಿಧಾನವಾಯಿತು, ಅರಿವೆಯ ಕಡೆ ನೋಡುವುದನ್ನೂ ಬಿಟ್ಟಳು. ಲೋಟ ಎತ್ತಿ ಗಟಗಟ ಕುಡಿದು ಖಾಲಿ ಮಾಡಿದಳು.

ಆಮೇಲೆ ಲೋಟವನ್ನು ಅತ್ತೆಯ ಮುಂದೆ ಹಿಡಿದು, "ಇನ್ನೊಂದ ಲೋಟಾ ಕೊಡ್ರಿ ಅತ್ತಿ. ಭಾಳ ನೀರಡಿಕಿ ಆಗೇತಿ" ಅಂದಳು.

ತಂಗಿಯರೇ, ಅಣ್ಣಂದಿರೇ, ಆ ನೀರಡಿಕೆಯನ್ನು ಮಂಗಲ ಎರಡು ವರ್ಷ ಒಳಗೇ ಇಟ್ಟುಕೊಂಡಿದ್ದಳು, ನಾವು ಹೊರಗಿನಿಂದ ಭೇಷ್ ಅನ್ನುತ್ತಿದ್ದೆವು. ನಿಮ್ಮ ಮನೆಯಲ್ಲೂ ಯಾರಾದರೂ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ, ಸಮಾಧಾನವಿಲ್ಲದೆ ಅಳುತ್ತಿದ್ದರೆ ಅದನ್ನು ಮಡಿ, ಶಿಸ್ತು, ಭಕ್ತಿ ಅಂತ ಹೊಗಳಬೇಡಿ. ಹುಚ್ಚು ಅಂತ ಹೀಯಾಳಿಸಲೂ ಬೇಡಿ. ದೊಡ್ಡ ಆಸ್ಪತ್ರೆಗಳಲ್ಲಿ ಮನಸ್ಸಿನ ವಿಭಾಗ ಇರುತ್ತದೆ, ಅಲ್ಲಿಗೆ ಕರೆದುಕೊಂಡು ಹೋಗಿ. ಕಲಿಸುವವರು ಕಲಿಸಿದ ಮೇಲೆ ಮನೆಯವರೂ ಕಲಿಯಿರಿ, ಅವರ ಸಲಹೆ ಇಲ್ಲದೆ ನಿಮ್ಮಷ್ಟಕ್ಕೆ ಪ್ರಯೋಗ ಮಾಡಬೇಡಿ. ಊಟ ನೀರು ಬಿಟ್ಟವರಿದ್ದರೆ ನಾಳೆ ಅನ್ನಬೇಡಿ, ಇವತ್ತೇ ಹೊರಡಿ. ಹೇಗೆ ಹೋಗುವುದು ಅಂತ ಸಂಕೋಚವಾದರೆ ನಮ್ಮ ಕಟ್ಟಡಕ್ಕೆ ಬನ್ನಿ, ಮಂಗಲ ತಾನೇ ನಿಮ್ಮ ಜೊತೆ ಬರುತ್ತೇನೆ ಅಂದಿದ್ದಾಳೆ.