ಮಾವನ ದನಿ ಇದ್ದ ಫೋಲ್ಡರ್

೧

ಎಲ್ಲಿಂದ ಶುರು ಮಾಡಲಿ? ವಾಸನೆಯಿಂದ ಶುರು ಮಾಡಿದರೆ ಓದುವವರು ಬೇಗ ಒಳಗೆ ಬರುತ್ತಾರಂತೆ. ಹಾಗಾಗಿ ಹೀಗೆ ಬರೆದೆ: ಪ್ರೆಸ್ಸಿನ ಬಾಗಿಲು ತೆರೆದೊಡನೆ ಅವಳಿಗೆ ಮೈದಾ ಅಂಟಿನ ಹುಳಿವಾಸನೆ ನೆನಪಾಯಿತು, ಚಿಕ್ಕಂದಿನಲ್ಲಿ, ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುವಾಗ ಮನೆಯಿಡೀ ತುಂಬಿಕೊಳ್ಳುತ್ತಿದ್ದ ವಾಸನೆ.

"ನಮ್ಮಪ್ಪ ರಟ್ಟು ಕಟ್ತಿರ್ಲಿಲ್ಲ" ಅಂದಳು ನನ್ನ ಕಥೆಯ ಹುಡುಗಿ. "ಬಸ್ ಕಂಡಕ್ಟರ್ ಆಗಿದ್ರು. ಅದು ನಿಮ್ಮ ವಾಸನೆ ಅಮ್ಮ, ನಿಮ್ಮ ಹತ್ರಾನೇ ಇಟ್ಕೊಳ್ಳಿ."

ಸರಿ, ಇಟ್ಟುಕೊಂಡೆ. (ನನ್ನ ಪಾತ್ರಗಳು ನನಗೆ ಹೆದರುವುದನ್ನು ಬಿಟ್ಟು ಬಹಳ ಕಾಲವಾಯಿತು.)

೨

ಅವಳು ಪ್ರೋಗ್ರಾಮರ್. ಕಣ್ಣು ಕಾಣದ ಮಕ್ಕಳಿಗೆ ಬ್ರೈಲ್ ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕೆಲಸ. ಮಾಮೂಲಿ ಬರಹವನ್ನು ಉಬ್ಬುಚುಕ್ಕಿಗಳಾಗಿ ಬದಲಿಸುವ ಪ್ರೋಗ್ರಾಮನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಹೊಸದಾಗಿ ಬರೆದಿದ್ದಳು. ಹಳೆಯದಕ್ಕೆ ಭಿನ್ನರಾಶಿ ಬರುತ್ತಿರಲಿಲ್ಲ, ಇದಕ್ಕೆ ಬರುತ್ತದೆ. ನಾಳೆ ಗಣಿತದ ಪರೀಕ್ಷೆ. ಪ್ರಶ್ನೆಪತ್ರಿಕೆ ಇವತ್ತು ಸಂಜೆಯ ವ್ಯಾನು ಹತ್ತದಿದ್ದರೆ, ಉಳಿದ ಮಕ್ಕಳು ಬರೆಯುವಾಗ ಈ ಮಕ್ಕಳು ಕೈಕಟ್ಟಿ ಕೂತಿರಬೇಕು.

ಅವಳ ಮೇಜಿನ ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಬೆಣ್ಣೆಯಿಂದ ಕೂದಲು ತೆಗೆದಂತೆ ಕೆಲಸ ಮುಗಿಸಿತು. ಅಚ್ಚಿನ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರಿನಲ್ಲಿ ಮಾತ್ರ ಒಂದು ಸಾಲು ತೋರಿಸಿ ನಿಂತುಬಿಟ್ಟಿತು: ಕೇಳಿದ ಫಂಕ್ಷನ್ ಈ ಲೈಬ್ರರಿಯಲ್ಲಿಲ್ಲ.

೩

(ಇಲ್ಲೊಂದು ಪಾಠವಿದೆ. ಬೇಕಿಲ್ಲದವರು ಹಾರಿಹೋಗಬಹುದು, ಆದರೆ ಮುಂದೆ ಅವಳು ನನ್ನೊಡನೆ ಯಾಕೆ ಜಗಳವಾಡಿದಳೆಂದು ಅವರಿಗೆ ಗೊತ್ತಾಗುವುದಿಲ್ಲ.)

ಪ್ರೋಗ್ರಾಮು ತನಗೆ ಬೇಕಾದ್ದನ್ನೆಲ್ಲ ಹೊತ್ತುಕೊಂಡು ತಿರುಗುವುದಿಲ್ಲ. ಹಲವರಿಗೆ ಬೇಕಾಗುವ ಕೆಲಸಗಳನ್ನು ಒಂದು ಫೈಲಿನಲ್ಲಿಟ್ಟು ಎಲ್ಲರೂ ಬಳಸುತ್ತಾರೆ. ಅದೇ ಲೈಬ್ರರಿ. ಬೀದಿಗೆಲ್ಲ ಒಂದೇ ಏಣಿ ಇದ್ದ ಹಾಗೆ. ಪ್ರೋಗ್ರಾಮು ಎದ್ದೇಳುವ ಹೊತ್ತಿಗೆ ಲೋಡರ್ ಎಂಬಾತ ಹೋಗಿ ಏಣಿ ತರುತ್ತಾನೆ. ಪಾಪದವನು. ಹೇಳಿದ ದಾರಿಯಲ್ಲೇ ಹುಡುಕಿ, ಹೆಸರು ಹೊಂದುವ ಮೊದಲ ಏಣಿಯನ್ನು ಹೆಗಲಿಗೇರಿಸುತ್ತಾನೆ. ಮೆಟ್ಟಿಲು ಸಾಲುತ್ತವೆಯೇ ಎಂದು ನೋಡುವುದಿಲ್ಲ.

ತನ್ನ ಕಂಪ್ಯೂಟರಿನಲ್ಲಿ ಅವನಿಗೆ ಹೊಸ ಏಣಿಯ ದಾರಿ ತೋರಿಸುವ ಸಾಲೊಂದನ್ನು ಅವಳೇ ಯಾವಾಗಲೋ ಬರೆದು ಮರೆತಿದ್ದಳು. ಅಚ್ಚಿನ ಕಂಪ್ಯೂಟರಿನಲ್ಲಿ ಆ ಸಾಲಿಲ್ಲ. ಯಾವ ಫೈಲನ್ನು ಎತ್ತಿಕೊಂಡೆ ಎಂದು ಲೋಡರನ್ನು ಕಮಾಂಡ್ ಕೊಟ್ಟು ಕೇಳಿದಳು. ಮೊದಲ ಫೋಲ್ಡರಿನಲ್ಲೇ ಅದೇ ಹೆಸರಿನ ಹಳೆಯ ಫೈಲು ಕೂತಿತ್ತು.

"ಮಾವ, ಇದನ್ನ ಯಾರು ಇಲ್ಲಿಟ್ಟಿದ್ದು?"

ಮಾವ ಪ್ರೆಸ್ಸಿನ ಕರಡು ತಿದ್ದುವವರು. ಯಾರ ಮಾವ ಎಂದು ಕೇಳಬೇಡಿ, ಎಲ್ಲರಿಗೂ ಮಾವ. ಅವರಿಗೂ ಕಣ್ಣು ಕಾಣದು. ಅದೇ ಕಂಪ್ಯೂಟರು ಪರದೆಯ ಮೇಲಿರುವುದನ್ನೆಲ್ಲ ಅವರಿಗೆ ಕಿವಿಯಲ್ಲಿ ಓದಿ ಹೇಳುತ್ತದೆ.

"ನಿನಗಿಂತ ಮುಂಚೆ ಇದ್ದ ಮೇಡಂ" ಅಂದರು. "ಹೊಸದೇನೋ ಹಾಕಿದ್ರು, ನನ್ನ ಪೆಟ್ಟಿಗೆ ಮೂಕಾಯ್ತು. ನಾನು ಬಾಯಿ ಬಿಟ್ಟು ಕೇಳಿರ್ಲಿಲ್ಲ. ಅವರೇ ಗಮನಿಸಿ ಹಳೇದನ್ನ ತಂದಿಟ್ರು, ಪೆಟ್ಟಿಗೆ ಮತ್ತೆ ಮಾತಾಡ್ತು."

೪ (ಹರಿದು ಹಾಕಿದ್ದು)

ಅವಳು ಹಳೆಯ ಫೈಲನ್ನು ಅಳಿಸಿದಳು. ಅಚ್ಚು ಸರಾಗವಾಗಿ ಸಾಗಿತು. ವ್ಯಾನು ಹೊರಟಿತು. ಮಾವನ ಕಿವಿಯಲ್ಲಿ ದನಿ ನಿಂತುಹೋಯಿತು. ಅವಳಿಗೆ ತಿಳಿಯದಿರಲೆಂದು ಅವರು ಮೂಕ ಹೆಡ್‌ಫೋನನ್ನು ಮನೆಗೆ ಹೊರಡುವವರೆಗೂ ತಲೆಯ ಮೇಲೆ ಹಾಕಿಕೊಂಡೇ ಕೂತರು.

ಮತ್ತೆ ೪

"ಚೆನ್ನಾಗಿ ಬಂದಿತ್ತಲ್ಲೇ" ಅಂದೆ.

"ಚೆನ್ನಾಗಿ ಬರೋಕೆ ಮಾವನೇ ಬೇಕಿತ್ತಾ ನಿಮಗೆ?"

ಮಾವನೂ ನನ್ನ ಪರವಾಗಿ ಬಂದರು. "ತೆಗಿಯಮ್ಮ. ನಾಲ್ಕು ದಿನ ದನಿ ಇಲ್ಲ ಅಂದ್ರೆ ನನ್ನ ಗಂಟೇನು ಹೋಗಲ್ಲ. ಆಮೇಲೆ ವಾಪಸ್ ಹಾಕು."

"ಆಮೇಲೆ ಹಾಕ್ತೀನಿ ಅಂತ ತೆಗೆದಿದ್ದು ಈ ಆಫೀಸಲ್ಲಿ ಯಾವತ್ತಾದ್ರೂ ವಾಪಸ್ ಬಂದಿದೆಯಾ, ಮಾವ?"

"ಗೋಡೆ ಗಡಿಯಾರ ಬಂತಲ್ಲ."

"ಅದು ಓಡ್ತಿದೆಯಾ?"

"ನನಗೇನು ಗೊತ್ತು, ನೋಡೋರು ನೀವು" ಅಂದರು ಮಾವ, ನಗದೆ.

ಅವಳು ನನ್ನ ಕಡೆ ಬೆನ್ನು ತಿರುಗಿಸಿ ಕೂತಳು. (ಕಥೆ ಬರೆಯುವವಳಿಗೆ ಇದಕ್ಕಿಂತ ಅವಮಾನ ಉಂಟೆ?) ಹಳೆಯ ಫೈಲಿನ ತಂಟೆಗೇ ಹೋಗಲಿಲ್ಲ. ಹೊಸ ಲೈಬ್ರರಿಯನ್ನು ತನ್ನ ಪ್ರೋಗ್ರಾಮಿನ ಪಕ್ಕದಲ್ಲೇ ಇಟ್ಟು, ಮೊದಲು ನಿನ್ನ ಮಗ್ಗುಲಲ್ಲೇ ಹುಡುಕು ಎಂಬ ಮಾತನ್ನು ಪ್ರೋಗ್ರಾಮಿನೊಳಗೇ ಸೇರಿಸಿ, ಯಂತ್ರದ ಭಾಷೆಗೆ ಇಳಿಸಲು, ಅಂದರೆ ಕಂಪೈಲ್ ಮಾಡಲು, ಮತ್ತೆ ಕೊಟ್ಟಳು. ಇನ್ನು ಮಾವನ ಏಣಿ ಮಾವನಿಗೆ, ಇದರ ಏಣಿ ಇದಕ್ಕೆ. ಆದರೆ ಕಂಪೈಲ್ ಆಮೆಯ ಹಾಗೆ ತೆವಳುತ್ತಿತ್ತು. ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು.

ಮುಕ್ತಾಯ (ಯಾವುದಾದರೊಂದು)

ನನ್ನ ಹತ್ತಿರ ಬೇಕಾದಷ್ಟಿವೆ. ಒಂದರಲ್ಲಿ ವ್ಯಾನಿನವನು ಬೈದುಕೊಂಡು ಕಾಯುತ್ತಾನೆ. ಇನ್ನೊಂದರಲ್ಲಿ ಹೊರಟುಹೋಗುತ್ತಾನೆ, ಅವಳು ಪ್ರಶ್ನೆಪತ್ರಿಕೆಯ ಕಟ್ಟನ್ನು ಎದೆಗವಚಿಕೊಂಡು ಬಸ್ಸು ಹಿಡಿಯುತ್ತಾಳೆ. ಯಾವುದಿರಲಿ ಎಂದು ಕೇಳಿದೆ.

"ಸ್ವಲ್ಪ ಸುಮ್ನಿರಿ ಅಮ್ಮ, ಮೊದಲ ಹಾಳೆ ಬರ್ತಿದೆ."

ಬಂತು. ಮಾವನ ಹೆಡ್‌ಫೋನಿನೊಳಗೆ ದನಿ ತನ್ನ ಪಾಡಿಗೆ ಗುಣುಗುಣು ಓದುತ್ತಲೇ ಇತ್ತು. ಅವರ ಎಡಗೈ ಬೆರಳುಗಳು ಹಾಳೆಯ ಉಬ್ಬುಚುಕ್ಕಿಗಳ ಸಾಲಿನ ಮೇಲೆ ಹರಿದು, ಮೊದಲ ಭಿನ್ನರಾಶಿಗೆ ಬಂದು ನಿಂತವು. ಹಿಂದೆ ಹೋದವು. ಮತ್ತೆ ಅಲ್ಲಿಗೇ ಬಂದವು. ಮುಖದಲ್ಲಿ ಏನೂ ಇರಲಿಲ್ಲ. ಸರಿಯಾಗಿತ್ತೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ. ನನಗೆ ಬ್ರೈಲ್ ಬಾರದು.

ಅವಳು ಅವರ ಪಕ್ಕದಲ್ಲೇ ನಿಂತಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಇಷ್ಟು ಹೊತ್ತು ಅವಳ ಬೆನ್ನ ಹಿಂದೆಯೇ ಇದ್ದ ನಾನು ಅದನ್ನು ಗಮನಿಸಿರಲಿಲ್ಲ. ಮಾವನ ಎಡಗೈ ಭಿನ್ನರಾಶಿಯ ಮೇಲೇ ಇತ್ತು. ಬಲಗೈ ಮೇಜಿನ ಕೆಳಗೆ ತಡಕಿ, ತಮ್ಮ ಊಟದ ಡಬ್ಬಿಯನ್ನು ಮೇಲೆತ್ತಿ, ಅವಳತ್ತ ಮೆಲ್ಲಗೆ ಸರಿಸಿತು.